ಅಂಗಡಿ ಮೂರು, ಬೆಲೆ ಮೂರು: ಹಳೆ ಚಿನ್ನ ಮಾರುವ ಮುನ್ನ

"ಚಿನ್ನ ಕೊಂಡರೆ ನಷ್ಟವಿಲ್ಲ ಅಲ್ಲವೇ?" ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇದೆ. ಕೇಳುವವರಲ್ಲಿ ಹೆಚ್ಚಿನವರಿಗೆ 'ಹೌದು' ಎಂಬ ಸಮಾಧಾನ ಸಿಕ್ಕಿದರೆ ಸಾಕು. ಅದು ಇಲ್ಲಿ ಸಿಗದು. ಪವನು ಎಂದರೆ ಎಂಟು ಗ್ರಾಂ, 22 ಕ್ಯಾರೆಟ್ ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ ಎಂದು ಕರಾವಳಿಯವರಿಗೆ ಹೇಳಿಕೊಡುವ ಅಗತ್ಯವಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ. ಕೆಳಗಿನ ಲೆಕ್ಕಗಳಲ್ಲಿ 22 ಕ್ಯಾರೆಟಿಗೆ ಗ್ರಾಮಿಗೆ 10,000 ರೂಪಾಯಿ ಎಂದು ಹಿಡಿದದ್ದು ಗುಣಾಕಾರ ಸುಲಭವಾಗಲೆಂದು ಮಾತ್ರ. ಇಂದಿನ ಬೋರ್ಡ್ ರೇಟ್ ನೀವೇ ನೋಡಿಕೊಳ್ಳಿ.

ಅತ್ತೆಯವರ ಕಾಲದ ಆರು ಪವನಿನ ಹವಳದ ಸರ ಉಂಟು. ಮಂಗಳೂರು ರಥಬೀದಿಯಲ್ಲಿ ಮೂರು ಅಂಗಡಿಗೆ ಹೋದರೆ ಮೂವರೂ ಬೇರೆ ಬೇರೆ ಬೆಲೆ ಹೇಳಿದರು, ಮೂರೂ ಆರು ಪವನಿನ ಬೆಲೆಗಿಂತ ತುಂಬಾ ಕಡಿಮೆ. ಯಾರು ಮೋಸ ಮಾಡುತ್ತಿದ್ದಾರೆ? (ಸುರತ್ಕಲ್‌ನ ಓದುಗರು)

ಮೂವರಲ್ಲಿ ಒಬ್ಬರೂ ಮೋಸ ಮಾಡದೆ ಇರಬಹುದು, ಮೂವರೂ ಮಾಡಿರಬಹುದು. ಅದನ್ನು ತಿಳಿಯಬೇಕಾದರೆ ಬೆಲೆ ಕೇಳುವುದನ್ನು ಬಿಟ್ಟು ನಾಲ್ಕು ಸಂಖ್ಯೆ ಕೇಳಬೇಕು: ಚಿನ್ನದ ನಿವ್ವಳ ತೂಕ ಎಷ್ಟು, ಶುದ್ಧತೆ ಶೇಕಡ ಎಷ್ಟು, ಯಾವ ರೇಟು, ಕಡಿತ ಎಷ್ಟು. ಒಟ್ಟು ಮೊತ್ತ ಮಾತ್ರ ಹೇಳಿ ಈ ನಾಲ್ಕನ್ನು ಹೇಳದ ಅಂಗಡಿಯಿಂದ ಸರ ವಾಪಸ್ ತೆಗೆದುಕೊಂಡು ಹೊರಗೆ ಬನ್ನಿ.

ಮೊದಲು ತೂಕ. ಮನೆಯಲ್ಲಿ 'ಆರು ಪವನು' ಎಂದು ಹೇಳುತ್ತಾ ಬಂದದ್ದು ಇಡೀ ಸರದ ತೂಕ, 48 ಗ್ರಾಂ. ಅದರಲ್ಲಿ ಹವಳ ಉಂಟು, ದಾರ ಉಂಟು, ಇಷ್ಟು ವರ್ಷದ ಸಾಬೂನು ಮತ್ತು ಬೆವರಿನ ಕಿಟ್ಟ ಉಂಟು. ಹಳೆ ಸರಗಳ ಚಿನ್ನದ ಗುಂಡು ಒಳಗೆ ಟೊಳ್ಳು. ನಜ್ಜಾಗದಿರಲೆಂದು ಅದರೊಳಗೆ ಅರಗು ತುಂಬಿಸುತ್ತಿದ್ದರು. ಹವಳ ಬಿಚ್ಚಿ ತೂಗಿದರೆ 43 ಗ್ರಾಂ ಬಂತು ಎಂದುಕೊಳ್ಳಿ. ಕರಗಿಸಿದಾಗ ಅರಗು ಸುಟ್ಟುಹೋಗಿ ಗಟ್ಟಿ 40.5 ಗ್ರಾಂ ಉಳಿಯುತ್ತದೆ. ಇಲ್ಲಿಯವರೆಗೆ ಯಾರೂ ನಿಮಗೆ ಮೋಸ ಮಾಡಿಲ್ಲ.

ಎರಡನೆಯದು ಶುದ್ಧತೆ. ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರದ ಮೇಲೆ ಸರ ಇಟ್ಟು, ಎಕ್ಸ್-ರೇ ಬಿಟ್ಟು, ಅರ್ಧ ನಿಮಿಷದಲ್ಲಿ ಶುದ್ಧತೆಯ ಒಂದು ಸಂಖ್ಯೆ ತೋರಿಸುತ್ತಾರೆ. ಆ ಯಂತ್ರ ನೋಡುವುದು ಮೇಲ್ಮೈಯ ಕೂದಲೆಳೆಗಿಂತ ತೆಳುವಾದ ಪದರವನ್ನು ಮಾತ್ರ. ಆಚಾರಿಗಳು ಬಣ್ಣ ಬರಿಸಲು ಆಭರಣವನ್ನು ಆಮ್ಲದಲ್ಲಿ ಹಾಕಿ ತೆಗೆದಾಗ ಮೇಲಿನ ತಾಮ್ರ ಬಿಟ್ಟುಹೋಗಿ ಚಿನ್ನ ಉಳಿದಿರುತ್ತದೆ. ಹಾಗಾಗಿ ಗುಂಡಿನ ಬೆನ್ನ ಮೇಲೆ ಶೇ. 91 ತೋರಿಸಿದ ಯಂತ್ರವೇ ಕೊಂಡಿಯ ಬೆಸುಗೆಯ ಮೇಲೆ ಶೇ. 80 ತೋರಿಸಬಹುದು. ಎರಡೂ ಸುಳ್ಳಲ್ಲ, ಎರಡೂ ಇಡೀ ಸರದ ಶುದ್ಧತೆಯಲ್ಲ. ಒರೆಗಲ್ಲಿಗೂ ಇದೇ ಮಿತಿ. ಕರಗಿಸಿ, ಗಟ್ಟಿ ಮಾಡಿ, ಆ ಗಟ್ಟಿಯನ್ನು ಎರಡೂ ಬದಿಯಲ್ಲಿ ಪರೀಕ್ಷಿಸಿದರೆ ಸಿಗುವ ಸಂಖ್ಯೆಯನ್ನು ನಂಬಬಹುದು. ಹಾಲ್‌ಮಾರ್ಕ್ ಇಲ್ಲದ ಕಾಲದ, ಬೆಸುಗೆ ಹೆಚ್ಚಿರುವ ಸರ ಶೇ. 86ಕ್ಕೆ ಬಂದರೆ ಆಶ್ಚರ್ಯಪಡಬೇಡಿ, ಸಿಟ್ಟೂ ಮಾಡಬೇಡಿ.

ಈಗ ಲೆಕ್ಕ. 40.5 ಗ್ರಾಮಿನಲ್ಲಿ ಶೇ. 86 ಎಂದರೆ ಅಪ್ಪಟ ಚಿನ್ನ 34.83 ಗ್ರಾಂ. ಅದನ್ನು 0.916ರಿಂದ ಭಾಗಿಸಿದರೆ 22 ಕ್ಯಾರೆಟಿನ ಲೆಕ್ಕದಲ್ಲಿ 38.02 ಗ್ರಾಂ. ನಿಮ್ಮ ಆರು ಪವನು ನಿಜದಲ್ಲಿ ನಾಲ್ಕೂಮುಕ್ಕಾಲು ಪವನು. ಬೆಲೆ 3,80,200 ರೂಪಾಯಿ ಚಿಲ್ಲರೆ.

ಮೋಸ ನಡೆಯುವ ಜಾಗ ಇದರ ನಂತರ ಬರುತ್ತದೆ, ಅದೂ ಕ್ಯಾಲ್ಕ್ಯುಲೇಟರಿನ ಒಂದು ಗುಂಡಿಯಲ್ಲಿ. ಕೆಲವರು 40.5 × 0.86 × 10,000 ಎಂದು ಒತ್ತಿ 3,48,300 ತೋರಿಸುತ್ತಾರೆ. ಸರಿಯಾಗಿಯೇ ಕಾಣುತ್ತದೆ. ಆದರೆ 10,000 ಎಂಬುದು 22 ಕ್ಯಾರೆಟಿನ ರೇಟು, ಅದರಲ್ಲಿ 916ರ ಲೆಕ್ಕ ಆಗಲೇ ಸೇರಿದೆ. ಅಪ್ಪಟ ಚಿನ್ನದ ತೂಕಕ್ಕೆ 22ರ ರೇಟು ಹಾಕಿದರೆ ಶುದ್ಧತೆಯನ್ನು ಎರಡು ಸಲ ಕಳೆದಂತೆ, ನಿಮ್ಮ ಕೈಯಿಂದ 31,900 ರೂಪಾಯಿ ಹೋಯಿತು. ಶುದ್ಧತೆಯಿಂದ ಗುಣಿಸುವುದಾದರೆ 24ರ ರೇಟು ಹಾಕಬೇಕು. ನಮ್ಮ ಉದಾಹರಣೆಯಲ್ಲಿ ಅದು ಗ್ರಾಮಿಗೆ 10,917. ಎದುರಿಗೆ ಕೂತು ಇಷ್ಟು ಹೇಳಿದರೆ ಲೆಕ್ಕ ತಾನಾಗಿ ಸರಿಯಾಗುತ್ತದೆ.

ಕೊನೆಯದು ಕಡಿತ. ಶೇ. 1ರಿಂದ 3ರವರೆಗೆ ಕಳೆದರೆ ಅದು ವ್ಯಾಪಾರ, ಚೌಕಾಸಿಗೆ ಜಾಗ ಇರುತ್ತದೆ. ಇದರ ಮೇಲೆ 'ಕರಗುವಾಗ ಚಿನ್ನ ಆವಿಯಾಗುತ್ತದೆ, ಅದಕ್ಕೆ ಶೇ. 3 ಬೇರೆ' ಎನ್ನುವವರ ಮಾತು ಕೇಳಲೇಬೇಡಿ. ಚಿನ್ನ ಕರಗುವುದು 1,064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯಬೇಕಾದರೆ ಎರಡೂವರೆ ಸಾವಿರ ಡಿಗ್ರಿ ದಾಟಬೇಕು. ಅಂಗಡಿಯ ಮೂಸೆಯಲ್ಲಿ ಹೋಗುವುದು ಅರಗು, ಕೊಳೆ ಮತ್ತು ಹಳೆ ಬೆಸುಗೆಯ ಕ್ಯಾಡ್ಮಿಯಂ. ಅದೆಲ್ಲ ಗಟ್ಟಿಯ ತೂಕದಲ್ಲೇ ಕಳೆದಾಗಿದೆ, ಇನ್ನೊಮ್ಮೆ ಕಳೆಯಲು ಏನೂ ಉಳಿದಿಲ್ಲ.

ಕರಗಿಸುವ ಮೊದಲು ಮಾಡಬೇಕಾದ್ದು: ಬೆಚ್ಚಗಿನ ಸಾಬೂನು ನೀರಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿ. ಹವಳ, ಮಣಿ, ಹರಳುಗಳನ್ನು ನಿಮ್ಮೆದುರೇ ಬಿಚ್ಚಿಸಿ ಚೀಟಿಯಲ್ಲಿ ಕಟ್ಟಿ ಕೈಗೆ ತೆಗೆದುಕೊಳ್ಳಿ. ಹಳೆಯ ನಿಜ ಹವಳವನ್ನು ಅಂಗಡಿಯವರು ಸೊನ್ನೆ ಬೆಲೆಗೆ ಇಟ್ಟುಕೊಳ್ಳುವುದು ನಡೆಯುತ್ತಲೇ ಇರುತ್ತದೆ. ತಕ್ಕಡಿ ಸೊನ್ನೆ ತೋರಿಸುವುದನ್ನು ನೋಡಿ, ಫ್ಯಾನ್ ನಿಲ್ಲಿಸಲು ಹೇಳಿ, ದಶಮಾಂಶದ ನಂತರ ಮೂರು ಅಂಕಿ ತೋರಿಸುವ ತಕ್ಕಡಿಯಲ್ಲೇ ತೂಗಿಸಿ. ತಕ್ಕಡಿಯ ಮೇಲಿರುವಾಗಲೇ ಸರದ ಫೋಟೋ ತೆಗೆದುಕೊಳ್ಳಿ. 'ಬೆಲೆ ಒಪ್ಪಿಗೆಯಾಗದಿದ್ದರೆ ಗಟ್ಟಿ ವಾಪಸ್, ಕರಗಿಸಿದ ಕೂಲಿ ಇಷ್ಟು' ಎಂದು ಚೀಟಿಯಲ್ಲಿ ಬರೆಸಿ. ಮೂಸೆ ಖಾಲಿ ಇದೆಯೇ ನೋಡಿ. ಬಿಳಿಗಾರ ಹಾಕಿ ಕರಗಿಸಿ ಅಚ್ಚಿಗೆ ಸುರಿದ ಮೇಲೆ ಮೂಸೆಯ ತಳಕ್ಕೆ ಅಂಟಿದ ಗಾಜಿನಂಥ ಬಿಳಿಗಾರದಲ್ಲಿ ಸಣ್ಣ ಹಳದಿ ಹನಿಗಳು ಉಳಿದಿರುತ್ತವೆ. ಅದನ್ನು ಕೆರೆದು ತೂಕಕ್ಕೆ ಸೇರಿಸಲು ಹೇಳಿ. ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ. 'ಒಳಗೆ ಕೊಟ್ಟು ಕರಗಿಸಿ ತರುತ್ತೇವೆ, ನೀವು ಕಾಫಿ ಕುಡಿಯಿರಿ' ಎಂದರೆ ಕಾಫಿಯೂ ಬೇಡ, ವ್ಯವಹಾರವೂ ಬೇಡ.

ಮೂರು ಅಂಗಡಿಯ ಮೂರು ಬೆಲೆಗೆ ಈಗ ಅರ್ಥ ಹುಡುಕಿ. ಕರಗಿಸದೆ ಬೆಲೆ ಹೇಳಿದವರು ಅರಗು, ಬೆಸುಗೆ ಎಷ್ಟಿದೆಯೋ ಎಂಬ ಹೆದರಿಕೆಗೆ ಎರಡು ಹೆಜ್ಜೆ ಕೆಳಗೆ ಹೇಳುತ್ತಾರೆ. ಕರಗಿಸಿ ಹೇಳುವವರಿಗೆ ಆ ಹೆದರಿಕೆ ಇಲ್ಲ. ಎಲ್ಲರಿಗಿಂತ ಹೆಚ್ಚು ಹೇಳಿದವರು ಬಹುಶಃ ನಗದು ಕೊಡುವವರಲ್ಲ, 'ಎಕ್ಸ್‌ಚೇಂಜ್ ಆದರೆ ಮಾತ್ರ' ಎಂದಿರುತ್ತಾರೆ. ಅಲ್ಲಿ 'ಕಡಿತವೇ ಇಲ್ಲ' ಎಂಬ ಫಲಕ ಸುಳ್ಳಲ್ಲ, ಆದರೆ ಕಡಿತ ಹೊಸ ಆಭರಣದ ಬಿಲ್ಲಿನಲ್ಲಿ ಕೂತಿರುತ್ತದೆ. 16 ಗ್ರಾಂ ಹಳತು ಕೊಟ್ಟು 16 ಗ್ರಾಂ ಹೊಸತು ತಂದಿರಿ ಎನ್ನಿ. ಹೊಸದಕ್ಕೆ ವಿ.ಎ. (ಮಾಡುವ ಕೂಲಿ, ವೇಸ್ಟೇಜ್ ಎಂದು ಚಿನ್ನದ ಬೆಲೆಯ ಮೇಲೆ ಹಾಕುವುದು) ಶೇ. 14 ಎಂದರೆ 22,400. ಜಿಎಸ್‌ಟಿ ಶೇ. 3 ವ್ಯತ್ಯಾಸದ ಮೊತ್ತಕ್ಕಲ್ಲ, ಹೊಸ ಆಭರಣದ ಪೂರ್ತಿ 1,82,400ಕ್ಕೆ, ಅಂದರೆ 5,472. ಅಷ್ಟೇ ಚಿನ್ನ ಇಟ್ಟುಕೊಳ್ಳಲು ಕೈಯಿಂದ 27,872 ರೂಪಾಯಿ ಕೊಟ್ಟಿರಿ.

ಮಾರುವಾಗ ಗುರುತಿನ ಚೀಟಿ, ಪ್ಯಾನ್ ಜತೆಯಲ್ಲಿರಲಿ. ಹಣ ಬ್ಯಾಂಕ್ ಖಾತೆಗೇ ಬರಲಿ.

ಹೊಸತಾಗಿ ಕೊಂಡದ್ದನ್ನು ಮಾರಿದರೆ ಎಷ್ಟು ನಷ್ಟ? (ಬ್ರಹ್ಮಾವರ)

ಎರಡು ಪವನಿನ ಸಾದಾ ಚೈನಿಗೆ ವಿ.ಎ. ಶೇ. 8 ಇದ್ದರೆ ಜಿಎಸ್‌ಟಿ, ಹಾಲ್‌ಮಾರ್ಕ್ ಶುಲ್ಕ ಸೇರಿ 1,78,037 ರೂಪಾಯಿ. ಶೇ. 2 ಕಡಿತದಲ್ಲಿ ಅದೇ ದಿನ ಮಾರಿದರೆ 1,56,800. ಹಾಕಿದ ಹಣ ಬರಬೇಕಾದರೆ ರೇಟು 11,354ಕ್ಕೆ ಏರಬೇಕು. ಹರಳಿನ ನೆಕ್ಲೇಸ್ ಇನ್ನೂ ಕಷ್ಟ: ಒಟ್ಟು 40 ಗ್ರಾಂ, ಅದರಲ್ಲಿ ಹರಳು 6 ಗ್ರಾಂ, ವಿ.ಎ. ಶೇ. 18, ಹರಳಿಗೆ 15,000 ಎಂದರೆ ಬಿಲ್ಲು 4,28,686. ಮರಳಿ ಸಿಗುವುದು 3,33,200. ಐದನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ನಕಾಶಿ ಕೆಲಸದ 'ಆಂಟಿಕ್' ಸೆಟ್ಟುಗಳಲ್ಲಿ ವಿ.ಎ. ಶೇ. 20 ದಾಟುವುದೂ ಉಂಟು. ತೊಡುವ ಆಸೆಗೆ ಕೊಂಡರೆ ಕೊಳ್ಳಿ, ಚೆಂದವೇ ಇರುತ್ತದೆ. ಉಳಿತಾಯ ಎಂದು ಮಾತ್ರ ಹೇಳಬೇಡಿ. ಬಿಲ್ಲಿನಲ್ಲಿ ನಿವ್ವಳ ಚಿನ್ನದ ತೂಕ ಮತ್ತು ಹರಳಿನ ತೂಕ ಬೇರೆ ಬೇರೆ ಇಲ್ಲದಿದ್ದರೆ ದುಡ್ಡು ಕೊಡಬೇಡಿ.

ನನ್ನ ಬಳೆಯಲ್ಲಿ 'ಕೆಡಿಎಂ' ಎಂದು ಉಂಟು, ಅದು 916ಕ್ಕಿಂತ ಒಳ್ಳೆಯದಂತೆ? (ಕಾರ್ಕಳ)

ಅಲ್ಲ. ಕೆಡಿಎಂ ಎಂಬುದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರು, ಶುದ್ಧತೆಯ ಮುದ್ರೆಯಲ್ಲ. ಕ್ಯಾಡ್ಮಿಯಂ 767 ಡಿಗ್ರಿಯಲ್ಲೇ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಉಸಿರಾಡಿ ಶ್ವಾಸಕೋಶ ಕೆಡಿಸಿಕೊಂಡವರು ಕೆಲಸದ ಆಚಾರಿಗಳು. ಅಂಗಡಿಯವರು ಇಂದಿಗೂ ಅದನ್ನು ಹೆಗ್ಗಳಿಕೆಯಾಗಿ ಹೇಳುತ್ತಿದ್ದರೆ ನಾಚಿಕೆಗೇಡು.

ಹಾಲ್‌ಮಾರ್ಕ್ ಇಲ್ಲದ ಹಳೆ ಚಿನ್ನ ಮಾರಲು ಬರುವುದಿಲ್ಲವಂತೆ, ಬಿಲ್ಲೂ ಇಲ್ಲ. (ಮೂಡುಬಿದಿರೆ)

ಯಾರು ಹೇಳಿದ್ದು? ನಿಯಮ ಇರುವುದು ಅಂಗಡಿಯವರು ಮಾರುವುದಕ್ಕೆ. ಏಪ್ರಿಲ್ 1, 2023ರಿಂದ ಅವರು ಒಂದೊಂದು ಆಭರಣಕ್ಕೂ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಗುರುತು, ಅಂದರೆ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಆಭರಣ ಮಾರುವ ಹಾಗಿಲ್ಲ. ನೀವು ಮಾರಬಹುದು, ಅವರು ಕೊಳ್ಳಬಹುದು. ಶುದ್ಧತೆಯ ಬಗ್ಗೆ ಅನುಮಾನವಿದ್ದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ನಾಲ್ಕು ಆಭರಣದವರೆಗೆ 200 ರೂಪಾಯಿಗೆ ಪರೀಕ್ಷೆ ಮಾಡಿಸಬಹುದು. ಹೊಸ ಆಭರಣದ ಎಚ್‌ಯುಐಡಿಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಿ. ಬಳೆಯ ಸಂಖ್ಯೆ ಹಾಕಿದಾಗ ಆ್ಯಪ್ 'ಉಂಗುರ' ಎಂದರೆ ಅಲ್ಲಿಯೇ ನಿಲ್ಲಿಸಿ. ಮುದ್ರೆಗಿಂತ ಶುದ್ಧತೆ ಕಡಿಮೆ ಎಂದು ಸಾಬೀತಾದರೆ ಕೊರತೆಯ ಮೊತ್ತದ ಎರಡು ಪಟ್ಟು ಮತ್ತು ಪರೀಕ್ಷೆಯ ಶುಲ್ಕ ಕೊಡಬೇಕೆಂದು 2018ರ ಬಿಐಎಸ್ ನಿಯಮಗಳಲ್ಲೇ ಇದೆ.

ಸೌದಿಯಿಂದ ತಂದ ಚೈನನ್ನು ಇಲ್ಲಿ 22 ಎಂದು ಒಪ್ಪುತ್ತಿಲ್ಲ. (ಉಳ್ಳಾಲ)

ಕೊಂಡಿಯಲ್ಲಿ 875 ಎಂದಿದೆಯೇ ನೋಡಿ. ಹಾಗಿದ್ದರೆ ಅದು 21 ಕ್ಯಾರೆಟ್, ಅಂಗಡಿಯವರು ಸರಿ.

ಬ್ಯಾಂಕಿನಲ್ಲಿ ಕೊಂಡ ಚಿನ್ನದ ನಾಣ್ಯವನ್ನು ಅದೇ ಬ್ಯಾಂಕಿಗೆ ಕೊಡಬಹುದೇ? (ಮಣಿಪಾಲ)

ಇಲ್ಲ. ಬ್ಯಾಂಕುಗಳು ವಾಪಸ್ ಕೊಳ್ಳುವುದಿಲ್ಲ. ಚಿನ್ನದಂಗಡಿಗೇ ಹೋಗಬೇಕು.

ವಜ್ರದ ಬೆಂಡೋಲೆಗೆ ಮರುಮಾರಾಟ ಬೆಲೆ? (ಉಡುಪಿ)

ಕೊಂಡ ಅಂಗಡಿಯ ಬಿಲ್ಲಿನಲ್ಲಿ ಬರೆದುಕೊಟ್ಟದ್ದೆಷ್ಟೋ ಅಷ್ಟು. ಬೇರೆ ಅಂಗಡಿಗೆ ಹೋದರೆ ಚಿನ್ನವನ್ನು ತೂಗಿ ಕಲ್ಲಿನ ಕಡೆ ನೋಡುವುದೂ ಇಲ್ಲ.

ವಿನೆಗರ್, ಅಯಸ್ಕಾಂತ, ಹಲ್ಲಿನಿಂದ ಕಚ್ಚುವುದು: ಯಾವ ಪರೀಕ್ಷೆ ಒಳ್ಳೆಯದು? (ಹಲವರು)

ಯಾವುದೂ ಅಲ್ಲ. ತಾಮ್ರ, ಬೆಳ್ಳಿ, ಹಿತ್ತಾಳೆ ಯಾವುದನ್ನೂ ಅಯಸ್ಕಾಂತ ಎಳೆಯುವುದಿಲ್ಲ ಮಾರಾಯ್ರೆ. ಹಲ್ಲಿಗಾದರೂ ಕರುಣೆ ತೋರಿಸಿ.

ಮನೆಬಾಗಿಲಿಗೆ ಬಂದು ಚಿನ್ನ ಪಾಲಿಶ್ ಮಾಡಿಕೊಡುತ್ತಾರೆ, ಕೊಡಬಹುದೇ? (ಪುತ್ತೂರು)

ಗೇಟು ತೆಗೆಯಬೇಡಿ. ಅವರ ಡಬ್ಬಿಯಲ್ಲಿರುವುದು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣ, ಚಿನ್ನವನ್ನೇ ಕರಗಿಸುವಂಥದ್ದು. ಸರ ಹೊಳೆಯುತ್ತಾ ವಾಪಸ್ ಬರುತ್ತದೆ, ಕರಗಿದ ಗ್ರಾಂಗಳು ಅವರ ಡಬ್ಬಿಯಲ್ಲಿ ಉಳಿಯುತ್ತವೆ.

ಹಳೆ ಚಿನ್ನ ಮಾರಿದರೆ ತೆರಿಗೆ ಉಂಟೇ? (ಕುಂದಾಪುರ)

ಮನೆಯವರು ಮಾರಿದರೆ ಜಿಎಸ್‌ಟಿ ಇಲ್ಲ, ಲಾಭಕ್ಕೆ ಆದಾಯ ತೆರಿಗೆ ಉಂಟು. 24 ತಿಂಗಳು ದಾಟಿದ್ದರೆ ಲಾಭದ ಮೇಲೆ ಶೇ. 12.5. ಅಮ್ಮನಿಂದ ಬಂದದ್ದಾದರೆ ಅಮ್ಮ ಕೊಂಡ ಬೆಲೆಯೇ ನಿಮ್ಮ ಬೆಲೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳಬಹುದು. ಉಳಿದದ್ದನ್ನು ನಿಮ್ಮ ಆಡಿಟರಲ್ಲಿ ಕೇಳಿ.

ಅಜ್ಜಿಯ ಬುಗುಡಿಯ ತಿರುಪು ಸವೆದಿದೆ. ಕರಗಿಸಿ ಜುಮ್ಕಿ ಮಾಡಿಸಲೇ? (ಬಂಟ್ವಾಳ)

ಬೇಡ. ಕರಗಿಸಿದರೆ ಆ ಕೈಕೆಲಸಕ್ಕೆ ಸಿಗುವ ಬೆಲೆ ಸೊನ್ನೆ, ಜುಮ್ಕಿಯ ಹೊಸ ವಿ.ಎ. ಮಾತ್ರ ನಿಮ್ಮ ತಲೆಗೆ. ತಿರುಪು ಒಂದನ್ನೇ ಹೊಸದಾಗಿ ಹಾಕಿಸಿ. ಕೊಡುವಾಗ ಬುಗುಡಿಯನ್ನೂ ಸವೆದ ತಿರುಪನ್ನೂ ಬೇರೆ ಬೇರೆ ತೂಗಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ, ಬೆಸುಗೆ 22 ಕ್ಯಾರೆಟಿನದೇ ಆಗಲಿ ಎಂದು ಹೇಳಿ, ಹಳೆ ತಿರುಪನ್ನು ಕೇಳಿ ವಾಪಸ್ ತೆಗೆದುಕೊಳ್ಳಿ.