ಹತ್ತು ನಿಮಿಷ ಮಿಣುಕಿ ಆಮೇಲೆ ಏಳುವ ಮಾನಿಟರ್

ಪ್ರಶ್ನೆ: ನನ್ನದು 19 ಇಂಚಿನ ಎಲ್‌ಸಿಡಿ ಮಾನಿಟರ್. 2009ರಲ್ಲಿ ಕೊಂಡದ್ದು. ಈಗ ಬಟನ್ ಒತ್ತಿದರೆ ಪವರ್ ಲೈಟ್ ಮಾತ್ರ ಮಿಣುಕುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ಹತ್ತು ನಿಮಿಷ ಬಿಟ್ಟರೆ ತಾನಾಗೇ ಚಿತ್ರ ಬರುತ್ತದೆ, ಆಮೇಲೆ ದಿನವಿಡೀ ಏನೂ ತೊಂದರೆಯಿಲ್ಲ. ಮಳೆಗಾಲದ ಬೆಳಿಗ್ಗೆ ಅರ್ಧ ಗಂಟೆ ಹಿಡಿದದ್ದೂ ಇದೆ. ಅಂಗಡಿಯವರು ‘ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಅಂದರು. ಮನೆಯಲ್ಲಿ ನಾನೇ ಸರಿ ಮಾಡಬಹುದಾ? ಫ್ಯಾನ್ ರೆಗ್ಯುಲೇಟರ್ ಬದಲಾಯಿಸಿದ್ದು ಬಿಟ್ಟರೆ ಬೇರೆ ಅನುಭವವಿಲ್ಲ.
(ಸಕಲೇಶಪುರದ ಓದುಗರು)

ಉತ್ತರ: ಚಳಿಯಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ ಎಂದು ಬರೆದು ಅರ್ಧ ರೋಗ ನೀವೇ ಹೇಳಿಬಿಟ್ಟಿದ್ದೀರಿ. ಹೆಚ್ಚಾಗಿ ಇದು ಕೆಪಾಸಿಟರ್ ಕಾಯಿಲೆ. ಮಾನಿಟರಿಗೆ ಕರೆಂಟ್ ಹಂಚುವ ಪವರ್ ಬೋರ್ಡಿನಲ್ಲಿ, ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ, ಪುಟ್ಟ ಡಬ್ಬಿಗಳಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿರುತ್ತವೆ. ಒಳಗೆ ಒಂದು ಥರದ ದ್ರವ. ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತಾ ಹೋದಂತೆ ಕೆಪಾಸಿಟರ್‌ನ ಒಳಗಿನ ತಡೆ ಏರುತ್ತದೆ. ತಣ್ಣಗಿದ್ದಾಗ ಆ ತಡೆ ಇನ್ನೂ ಜಾಸ್ತಿ. ಹಾಗಾಗಿ ಪವರ್ ಬೋರ್ಡ್ ಏಳಲು ನೋಡುತ್ತದೆ, ಸೋಲುತ್ತದೆ, ಮತ್ತೆ ಏಳಲು ನೋಡುತ್ತದೆ. ಲೈಟ್ ಮಿಣುಕುವುದು ಅದಕ್ಕೇ. ಸ್ವಲ್ಪ ಬೆಚ್ಚಗಾದ ಮೇಲೆ ಹೇಗೋ ಎದ್ದು ನಿಲ್ಲುತ್ತದೆ.

ಬಿಚ್ಚುವ ಮೊದಲು ಎರಡು ಪರೀಕ್ಷೆ. ಕಂಪ್ಯೂಟರಿನ ಕೇಬಲ್ ತೆಗೆದು ಮಾನಿಟರಿಗೆ ಬರೀ ಕರೆಂಟ್ ಕೊಡಿ. ಆಗಲೂ ಪರದೆಯಲ್ಲಿ ‘ನೋ ಸಿಗ್ನಲ್’ ಎಂಬಂಥ ಬರಹವೂ ಬಾರದೆ ಬರೀ ಮಿಣುಕಿದರೆ ತಪ್ಪು ಕಂಪ್ಯೂಟರಿನದಲ್ಲ. ಆಮೇಲೆ ಕೇಬಲ್ ಮತ್ತೆ ಹಾಕಿ, ಕೋಣೆ ಕತ್ತಲು ಮಾಡಿ, ಕಪ್ಪು ಪರದೆಗೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್. ಅದರ ದಾರಿ ಬೇರೆ. ಏನೂ ಕಾಣದಿದ್ದರೆ ಮುಂದೆ ಓದಿ.

ಈಗ ಭಯ ಇರಲೇಬೇಕಾದ ಜಾಗ. ಬೋರ್ಡಿನ ಮೇಲೆ ಎಲ್ಲಕ್ಕಿಂತ ದಪ್ಪಗಿನ ಒಂದು ಕೆಪಾಸಿಟರ್ ಇರುತ್ತದೆ. ಮೈಮೇಲೆ 400 ಅಥವಾ 450 ವೋಲ್ಟ್ ಎಂದು ಬರೆದಿರುತ್ತದೆ. ನಮ್ಮ ಮನೆಯ 230 ವೋಲ್ಟ್ ಎಸಿ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಪ್ಲಗ್ ತೆಗೆದು ಅರ್ಧ ಗಂಟೆಯಾದರೂ ಬಿಡಿ. ಆಮೇಲೆ, ಮುಂದೆ ಹೇಳುವಂತೆ ಬಿಚ್ಚಿದೊಡನೆ, ವೋಲ್ಟ್ ಅಳೆಯುವ ಮಲ್ಟಿಮೀಟರನ್ನು 600 ಅಥವಾ 1000 ವೋಲ್ಟ್ ಡಿಸಿಗೆ ಇಟ್ಟು ಆ ದಪ್ಪ ಕೆಪಾಸಿಟರ್‌ನ ಎರಡು ಕಾಲಿಗೆ ಹಿಡಿಯಿರಿ. ಐದು ವೋಲ್ಟಿಗಿಂತ ಕೆಳಗಿಳಿಯುವ ತನಕ ಬೋರ್ಡ್ ಮುಟ್ಟಬೇಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಚಟ್’ ಅನ್ನಿಸುವವರನ್ನು ನೋಡಿರುತ್ತೀರಿ. ದಯವಿಟ್ಟು ಬೇಡ. ಮಲ್ಟಿಮೀಟರ್ ಹಿಡಿಯಲು ಬಾರದಿದ್ದರೆ, ಬರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಶುರುಮಾಡಿ. ಇನ್ನೊಂದು ಮಾತು: ಮನೆಯಲ್ಲಿ ಹಳೇ ದಪ್ಪ ಗಾಜಿನ ಸಿಆರ್‌ಟಿ ಮಾನಿಟರ್ ಇದ್ದರೆ ಅದನ್ನು ಬಿಚ್ಚುವ ಆಸೆಯೇ ಬೇಡ. ಅದರೊಳಗೆ ಇಪ್ಪತ್ತು ಸಾವಿರ ವೋಲ್ಟ್ ದಾಟುತ್ತದೆ.

ಬಿಚ್ಚುವಾಗ ಮಂಚದ ಮೇಲೆ ಕಂಬಳಿ ಹಾಸಿ ಪರದೆ ಕೆಳಮುಖ ಮಾಡಿ. ಸ್ಟ್ಯಾಂಡ್ ತೆಗೆಯಿರಿ, ಕಾಣುವ ಸ್ಕ್ರೂಗಳನ್ನು ತೆಗೆಯಿರಿ. ಉಳಿದದ್ದು ಪ್ಲಾಸ್ಟಿಕ್ ಕೊಕ್ಕೆಗಳು. ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಅಂಚಿನುದ್ದಕ್ಕೂ ಎಳೆಯುತ್ತಾ ಬನ್ನಿ. ಪಟ್ ಪಟ್ ಅಂತ ಸದ್ದಾಗುತ್ತದೆ. ಎದೆ ಧಸಕ್ಕೆನ್ನುತ್ತದೆ ನಿಜ, ಆದರೆ ಮುರಿಯುತ್ತಿರುವುದಲ್ಲ, ಬಿಡುತ್ತಿರುವುದು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಗಡಿನ ಮುಚ್ಚಳದ ಪಕ್ಕದಿಂದ ಬರುವ ಜೋಡಿ ವೈರ್‌ಗಳು ಬ್ಯಾಕ್‌ಲೈಟಿನವು, ಎಳೆಯದೆ ಕನೆಕ್ಟರ್ ಹಿಡಿದು ಬಿಡಿಸಿ. ನಿಮ್ಮ ಕಾಲದ ಮಾನಿಟರಿನಲ್ಲಿ ಬ್ಯಾಕ್‌ಲೈಟಿಗೆ ತೆಳ್ಳಗಿನ ಟ್ಯೂಬ್‌ಗಳಿರುವ ಸಾಧ್ಯತೆ ಜಾಸ್ತಿ. ಅವುಗಳಲ್ಲಿ ಚೂರು ಪಾದರಸ ಇರುತ್ತದೆ, ಒಡೆಯಬಾರದು.

ಕೆಪಾಸಿಟರ್‌ಗಳ ತಲೆ ನೋಡಿ. ಒಳ್ಳೆಯದಾದರೆ ನಾಣ್ಯದಷ್ಟು ಚಪ್ಪಟೆ. ಕೆಟ್ಟದ್ದು ಪೂರಿ ಉಬ್ಬಿದ ಹಾಗೆ ಮೇಲೆದ್ದಿರುತ್ತದೆ, ಕೆಲವೊಮ್ಮೆ ತಲೆಯ ಮೇಲೆ ಕಂದು ಅಂಟು ಒಸರಿರುತ್ತದೆ. ಒಂದೇ ಉಬ್ಬಿದ್ದರೂ ಅದರ ಅಕ್ಕಪಕ್ಕದ ಚಿಕ್ಕವನ್ನೂ ಬದಲಾಯಿಸಿ. ಯಾವುದೂ ಉಬ್ಬದೆ ಒಳಗೇ ಒಣಗಿರುವುದೂ ಉಂಟು.

ಕೊಳ್ಳುವಾಗ ಮೈಮೇಲಿನ ಬರಹ ಮುಖ್ಯ. 1000 ಮೈಕ್ರೋಫ್ಯಾರಡ್ (ಎಷ್ಟು ವಿದ್ಯುತ್ ಹಿಡಿಸುತ್ತದೆ ಎಂಬ ಅಳತೆ), 16 ವೋಲ್ಟ್ ಎಂದಿದ್ದರೆ ಮೈಕ್ರೋಫ್ಯಾರಡ್ ಅದೇ ಇರಲಿ. ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಮಾತ್ರ ಬೇಡ. 105 ಡಿಗ್ರಿ ಬಿಸಿ ತಡೆಯುವಂಥದ್ದು, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವಂಥದ್ದು) ಎಂದು ಕೇಳಿ. ಎತ್ತರವನ್ನೂ ಅಳೆದುಕೊಂಡು ಹೋಗಿ, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರ ಕೈಲಿ ತರಿಸಿ. ನೂರಾರು ರೂಪಾಯಿಯ ಮಾತಲ್ಲ ಇದು, ಹತ್ತಿಪ್ಪತ್ತರದ್ದು. ನಿಜವಾದ ಖರ್ಚು 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಮತ್ತು ಹಳೇ ಬೆಸುಗೆ ಹೀರುವ ಪಂಪಿನದ್ದು.

ಮೊದಲು ಯಾವುದಾದರೂ ಸತ್ತ ರೇಡಿಯೋ ಬೋರ್ಡಿನ ಮೇಲೆ ಕೈ ಪಳಗಿಸಿ. ಹತ್ತು ಬೆಸುಗೆ ಬಿಚ್ಚಿ, ಹತ್ತು ಹಾಕಿ. ಕೆಪಾಸಿಟರ್‌ನ ಒಂದು ಬದಿಯಲ್ಲಿ ಪಟ್ಟೆ ಇರುತ್ತದೆ, ಅದು ಮೈನಸ್. ಹಳೆಯದು ಯಾವ ಕಡೆ ಮುಖ ಮಾಡಿತ್ತೋ ಹೊಸದೂ ಹಾಗೇ ಕೂರಬೇಕು. ಮೊದಮೊದಲು ನಾನೇ ಒಂದನ್ನು ತಿರುಗಾಮುರುಗಾ ಕೂರಿಸಿದ್ದೆ. ಸ್ವಿಚ್ ಹಾಕಿದ ಕ್ಷಣ ಪಟಾಕಿ ಸದ್ದು, ಕೋಣೆ ತುಂಬಾ ಮೀನಿನಂಥ ವಾಸನೆ. ಆ ದಿನದಿಂದ ಪಟ್ಟೆಯನ್ನು ಮೂರು ಸಲ ನೋಡುತ್ತೇನೆ.

ಹಿಂದಿನ ಮುಚ್ಚಳ ಪೂರ್ತಿ ಹಾಕಿದ ಮೇಲೆಯೇ ಕರೆಂಟ್ ಕೊಡಿ. ಬ್ಯಾಕ್‌ಲೈಟ್ ಭಾಗದಲ್ಲಿ ಚಾಲೂ ಇದ್ದಾಗ ನೂರಾರು ವೋಲ್ಟ್ ಓಡುತ್ತಿರುತ್ತದೆ, ಬಿಚ್ಚಿಟ್ಟು ಪರೀಕ್ಷೆ ಮಾಡುವುದು ಹೊಸಬರಿಗಲ್ಲ. ಹೊಸ ಕೆಪಾಸಿಟರ್ ಹಾಕಿಯೂ ಮಿಣುಕಿದರೆ ಅಲ್ಲಿಗೆ ನಿಲ್ಲಿಸಿ, ಬೋರ್ಡನ್ನಷ್ಟೇ ತೆಗೆದು ಟಿವಿ ರಿಪೇರಿಯವರಿಗೆ ಕೊಡಿ.

ಪ್ರಶ್ನೆ: ನಮ್ಮ ಮಾನಿಟರಿನಲ್ಲಿ ಮೇಲಿಂದ ಕೆಳಗೆ ಹಸಿರು ಗೆರೆ ನಿಂತಿದೆ. ಅಂಚು ಒತ್ತಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಇದಕ್ಕೂ ಕೆಪಾಸಿಟರಾ?

ಉತ್ತರ: ಅಲ್ಲ. ಪರದೆಯ ಅಂಚಿಗೆ ಅಂಟಿಸಿರುವ ತೆಳು ಪಟ್ಟಿಯ ಸಂಪರ್ಕ ಬಿಟ್ಟುಕೊಂಡಿದೆ. ಅದನ್ನು ಕೂರಿಸುವುದು ಯಂತ್ರದ ಕೆಲಸ, ಐರನ್ನಿನದ್ದಲ್ಲ. ಒಳಗೆ ರಬ್ಬರ್ ತುಂಡು ಇಟ್ಟು ಒತ್ತಿ ಕೂರಿಸುವವರಿದ್ದಾರೆ, ಕೆಲವು ವಾರ ನಡೆಯುತ್ತದೆ. ಗೆರೆ ಒಂದೇ ಇದ್ದರೆ ಸುಮ್ನೆ ಹಾಗೇ ಬಳಸಿ.