ಬಿದ್ದವನ ಮೇಲೆ ಬಿದ್ದ ಎರಡು ಏಟು

ಪ್ರಶ್ನೆ: ನನಗೆ 27 ವರ್ಷ. ತುಮಕೂರಿನ ಎಸ್.ಎಸ್. ಪುರಂನಲ್ಲಿ ಮನೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮಹಡಿ ಮೇಲೆ ಐದು ಜನ ಸೇರಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ನಾನು ಡಿಎಂ (ಡಂಜನ್ ಮಾಸ್ಟರ್), ಅಂದರೆ ಕಥೆ ನಡೆಸುವವನು, ರಾಕ್ಷಸರ ಪರವಾಗಿ ದಾಳ ಹಾಕುವವನು. ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯನೊಬ್ಬ ಒಂದು ವರ್ಷದಿಂದ ಭೈರ ಅನ್ನುವ ಫೈಟರ್ ಪಾತ್ರ ಆಡುತ್ತಿದ್ದ. ಕೆಲಸಕ್ಕೆ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು, ಅವನಿಗೆ ಭಾನುವಾರ ಒಂದೇ ಬಿಡುವು. ಕಳೆದ ತಿಂಗಳು ಆಟದಲ್ಲಿ ಸೇತುವೆ ಕೆಳಗೆ ಟ್ರೋಲ್ ಅನ್ನುವ ದೈತ್ಯ ರಾಕ್ಷಸ ಎದುರಾಯಿತು. ಉಳಿದವರು ದೊಂದಿ ಹೊತ್ತಿಸಿಕೊಳ್ಳಲಿ ಅಂತ ಭೈರ ಒಬ್ಬನೇ ಅದನ್ನು ತಡೆದು ನಿಂತಿದ್ದ. 6 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಉಳಿದಿತ್ತು. ಟ್ರೋಲ್ ಕಚ್ಚಿತು, ಬಿದ್ದ. ಅದಕ್ಕೆ ಇನ್ನೂ ಎರಡು ಪಂಜದ ಏಟು ಬಾಕಿ ಇತ್ತು. ಎರಡನ್ನೂ ಭೈರನ ಮೇಲೇ ಹಾಕಿದೆ. ಎರಡೂ ತಗುಲಿದವು, ಸತ್ತ. ‘ಬಿದ್ದವನಿಗೆ ಹೊಡೆಯೋದು ಯಾವ ರೂಲು?’ ಅಂದ ಗೆಳೆಯ. ಪುಸ್ತಕ ತೆಗೆದು ತೋರಿಸಿದೆ. ದಾಳದ ಚೀಲ ಎತ್ತಿಕೊಂಡು ಹೋದವನು ಮತ್ತೆ ಬಂದಿಲ್ಲ, ಫೋನ್ ಎತ್ತುತ್ತಿಲ್ಲ. ಭೈರನ ಶೀಟ್, ಪಾತ್ರದ ವಿವರ ಬರೆದ ಹಾಳೆ, ಇಲ್ಲೇ ಉಳಿದಿದೆ. ಅವತ್ತೇ ಅದಕ್ಕೂ ಸ್ವಲ್ಪ ಮುಂಚೆ, ಓಡಿಹೋಗುತ್ತಿದ್ದವನ ಮೇಲೆ ಟ್ರೋಲ್ ಮೂರು ಏಟು ಹಾಕಿದಾಗ, ಗೆಳೆಯ ಎಲ್ಲರ ಮುಂದೆ ನನ್ನ ತಪ್ಪು ಎತ್ತಿ ತೋರಿಸಿದ್ದ. ಅದು ಬೇರೆ ಮಾತು. ನನ್ನ ತಂಗಿಯ ಪಾತ್ರವೂ ಅದೇ ಹೋರಾಟದಲ್ಲಿ ಬಿದ್ದಿತ್ತು, ಅವಳು ಹೇಗೋ ಉಳಿದಳು. ಆಟ ಅಲ್ಲಿಗೇ ನಿಂತಿದೆ. ಉಳಿದ ಇಬ್ಬರಲ್ಲಿ ಒಬ್ಬ ‘ಭೈರನನ್ನು ಬದುಕಿಸು’ ಅನ್ನುತ್ತಾನೆ, ಇನ್ನೊಬ್ಬ ‘ರೂಲ್ ಅಂದ್ರೆ ರೂಲ್’ ಅನ್ನುತ್ತಾನೆ. ರೂಲ್ ಪ್ರಕಾರ ನಡೆದುಕೊಂಡಿದ್ದು ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ‘ಅದು ಬೇರೆ ಮಾತು’ ಅಂತ ಒಂದು ಕಡೆ ಬರೆದಿದ್ದೀರಲ್ಲ, ಅಲ್ಲಿಗೆ ಆಮೇಲೆ ಬರುತ್ತೇನೆ. ನೀವು ಕೇಳಿರುವುದು ರೂಲ್ ಬಗ್ಗೆ, ಮೊದಲು ಅದನ್ನೇ ನೋಡೋಣ. ಮಗಳ ಜೊತೆ ಕೂತು ನಾನೂ ಈ ಆಟ ಆಡುತ್ತೇನೆ, ಹಾಗಾಗಿ ನಿಮ್ಮ ಮಹಡಿ ಮೇಲಿನ ಆ ಮಧ್ಯಾಹ್ನ ನನಗೆ ಕಣ್ಣಿಗೆ ಕಟ್ಟುತ್ತದೆ.

ರೂಲ್ ನಿಮ್ಮ ಕಡೆ ಇದೆ. 2014ರ ಐದನೇ ಆವೃತ್ತಿಯಲ್ಲಿ ಟ್ರೋಲ್ ತನ್ನ ಸರದಿ ಬಂದಾಗ ಒಂದು ಸಲ ಕಚ್ಚಬಹುದು, ಎರಡು ಸಲ ಪಂಜದಿಂದ ಹೊಡೆಯಬಹುದು. ಮೂರೂ ಏಟು ಒಬ್ಬನ ಮೇಲೇ ಹಾಕಬೇಕು ಅಂತಿಲ್ಲ. ಹಾಕಬಾರದು ಅಂತಲೂ ಇಲ್ಲ. ಹಿಟ್ ಪಾಯಿಂಟ್ ಸೊನ್ನೆಗೆ ಇಳಿದ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತದೆ. ಹಾಗೆ ಬಿದ್ದವರಿಗೆ ಐದು ಅಡಿಯೊಳಗಿಂದ ತಗುಲಿದ ಏಟು ಕ್ರಿಟಿಕಲ್, ಅಂದರೆ ಮಾಮೂಲಿಗಿಂತ ಜೋರಾದ ಏಟು ಆಗುತ್ತದೆ. ಸೊನ್ನೆಯಲ್ಲಿರುವವರಿಗೆ ಒಂದು ಕ್ರಿಟಿಕಲ್ ಅಂದರೆ ಎರಡು ಡೆತ್ ಸೇವ್ (ಸಾವಿನಿಂದ ಪಾರಾಗಲು ಹಾಕುವ ದಾಳ) ಸೋತ ಲೆಕ್ಕ. ಮೂರು ಸೋತರೆ ಸಾವು. ಎರಡು ಪಂಜಕ್ಕೆ ನಾಲ್ಕು ಸೋಲು. ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಈ ಆಟ ಗೊತ್ತಿಲ್ಲದ ಓದುಗರಿಗೆ ಒಂದು ವಿಷಯ ಹೇಳಬೇಕು. ಅದು ಗೊತ್ತಾದರೆ ನಿಮ್ಮ ಗೆಳೆಯರ ಸಂಕಟವೂ ಅರ್ಥವಾಗುತ್ತದೆ. ಸಾಮಾನ್ಯವಾಗಿ ಬಿದ್ದ ಪಾತ್ರ ಒಂದೇಟಿಗೆ ಸಾಯುವುದಿಲ್ಲ. ಪ್ರತಿ ಸರದಿಯಲ್ಲೂ ಅದನ್ನು ಆಡುವವರು ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಇಪ್ಪತ್ತೇ ಬಿದ್ದರೆ ಒಂದು ಹಿಟ್ ಪಾಯಿಂಟ್ ಸಿಕ್ಕಿ ಎದ್ದು ಕೂರಬಹುದು. ಅಷ್ಟರಲ್ಲಿ ಜೊತೆಯವರು ಓಡಿಬರುತ್ತಾರೆ. ‘ಯಾರ ಹತ್ರ ಪೋಷನ್ ಇದೆ?’ ಅಂತ ಗಾಯ ವಾಸಿ ಮಾಡುವ ಮದ್ದಿಗಾಗಿ ಕೂಗಾಟ ಶುರುವಾಗುತ್ತದೆ. ಒಂದು ಸಲ ನಮ್ಮ ಮನೆಯಲ್ಲಿ ನನ್ನ ಪಾತ್ರ ಹಾಗೆ ಬಿದ್ದಿತ್ತು. ಎರಡು ಸೋತಾಗಿತ್ತು. ಮೂರನೇ ದಾಳ ಕೈಯಲ್ಲಿಟ್ಟುಕೊಂಡು ಉರುಳಿಸಲಾಗದೆ ಸುಮ್ನೆ ಕೂತಿದ್ದೆ. ಎದುರಿಗಿದ್ದ ಹುಡುಗ ಕಾಫಿ ಲೋಟ ಕೆಳಗಿಟ್ಟು, ‘ಆಂಟಿ, ನಾನಿದ್ದೀನಿ, ಹಾಕಿ’ ಅಂದ. ಹನ್ನೆರಡು ಬಿತ್ತು. ಆ ಹನ್ನೆರಡು ನನಗೆ ಇವತ್ತಿಗೂ ನೆನಪಿದೆ.

ಭೈರನಿಗೆ ಆ ಹೊತ್ತು ಸಿಗಲಿಲ್ಲ. ಒಂದು ವರ್ಷ ಆಡಿದ ಪಾತ್ರವನ್ನು ನಿಮ್ಮ ಗೆಳೆಯ ಒಂದು ದಾಳವನ್ನೂ ಉರುಳಿಸದೆ ಕಳೆದುಕೊಂಡರು. ಕಚ್ಚಿದ್ದು, ಬಿದ್ದಿದ್ದು, ಸತ್ತಿದ್ದು ಎಲ್ಲ ಒಂದೇ ಉಸಿರಿನಲ್ಲಿ ಮುಗಿಯಿತು. ಅದೂ ಬೇರೆಯವರಿಗಾಗಿ ತಡೆದು ನಿಂತಿದ್ದಾಗ. ದೊಂದಿ ಹೊತ್ತಿಸಲು ಹೋದವರಿಗೆ ವಾಪಸ್ ಓಡಿಬರಲು ಒಂದು ಸರದಿಯೂ ಸಿಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಟ್ರೋಲ್ ಏನು ಮಾಡಬಲ್ಲದು ಅಂತ ಪುಸ್ತಕ ಹೇಳುತ್ತದೆ. ಆ ಹೊತ್ತಿನಲ್ಲಿ ಅದು ಏನು ಮಾಡಲು ಬಯಸುತ್ತದೆ ಅಂತ ಹೇಳುವುದಿಲ್ಲ. ಸ್ವಲ್ಪ ಯೋಚಿಸಿ. ಟ್ರೋಲ್ ಯಾವಾಗಲೂ ಹಸಿದ ಪ್ರಾಣಿ, ಸಿಕ್ಕಿದ್ದನ್ನು ತಿನ್ನುತ್ತದೆ. ಹಾಗಾಗಿ ಬಿದ್ದವನ ಮೇಲೆ ಎರಗಿತು ಅಂದರೆ ಒಪ್ಪಬಹುದು. ಆದರೆ ಅದೇ ಟ್ರೋಲ್‌ಗೆ ಪ್ರತಿ ಸರದಿಯಲ್ಲೂ 10 ಹಿಟ್ ಪಾಯಿಂಟ್ ತಾನಾಗಿ ವಾಪಸ್ ಬರುತ್ತದೆ. ಬೆಂಕಿ ಅಥವಾ ಆ್ಯಸಿಡ್ ತಗುಲಿದರೆ ಮಾತ್ರ ಮುಂದಿನ ಸರದಿಗೆ ಅದು ನಿಂತುಹೋಗುತ್ತದೆ. ಅಂದರೆ ಅವತ್ತು ಆ ಸೇತುವೆ ಕೆಳಗೆ ಟ್ರೋಲ್‌ಗೆ ನಿಜವಾದ ಭಯ ಇದ್ದದ್ದು ದೊಂದಿಯದ್ದು. ಬಿದ್ದವನನ್ನು ಬಿಟ್ಟು ದೊಂದಿ ಹಿಡಿದವರ ಕಡೆ ತಿರುಗಿತು ಅಂದಿದ್ದರೂ ಯಾರೂ ಎದುರಾಡುತ್ತಿರಲಿಲ್ಲ. ಎರಡು ದಾರಿಗೂ ರೂಲ್ ಒಪ್ಪುತ್ತದೆ. ಒಂದನ್ನು ಆರಿಸಿದ್ದು ನೀವು.

ಇದು ಈ ಆಟ ರೂಪಿಸಿದವರಿಗೂ ಗೊತ್ತಿತ್ತು. ಅದೇ 2014ರಲ್ಲಿ ಬಂದ ಡಂಜನ್ ಮಾಸ್ಟರ್ಸ್ ಗೈಡ್‌ನ ಶುರುವಿನಲ್ಲೇ ಈ ಮಾತಿದೆ: ರೂಲ್‌ಗಳು ಸಹಾಯಕ್ಕಿವೆ, ಆಟದ ಯಜಮಾನಿಕೆ ಡಿಎಂ ಕೈಯಲ್ಲಿದೆ. ಯಜಮಾನಿಕೆ ನಿಮ್ಮದಾದ ಮೇಲೆ ‘ರೂಲ್ ಕೊಂದಿತು’ ಅಂತ ಹೇಳಲು ಬರುವುದಿಲ್ಲ ಅಲ್ವಾ? ನಿಮ್ಮ ಗೆಳೆಯ ‘ಯಾವ ರೂಲು?’ ಅಂತ ಕೇಳಿದಾಗ ಅವರಿಗೆ ಪುಟ ಸಂಖ್ಯೆ ಬೇಕಿತ್ತು ಅಂತ ನನಗನ್ನಿಸುವುದಿಲ್ಲ. ‘ಯಾಕೋ ಹಿಂಗ್ ಮಾಡ್ದೆ?’ ಅಂತ ಕೇಳುತ್ತಿದ್ದರು. ನೀವು ಪುಸ್ತಕ ಮುಂದೆ ಹಿಡಿದಿರಿ.

ತಂಗಿಯ ಮಾತು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಅದೇ ಟ್ರೋಲ್, ಅದೇ ಹೋರಾಟ, ಅವಳ ಪಾತ್ರ ಬಿದ್ದಾಗ ಹೇಗೆ ಉಳಿಯಿತು? ನೆನಪು ಮಾಡಿಕೊಳ್ಳಿ. ಟ್ರೋಲ್ ಬೇರೆಯವರ ಕಡೆ ತಿರುಗಿತ್ತಾ? ಹಾಗಿದ್ದರೆ ತಂಗಿ ಅಂತ ಬೇಕೆಂದೇ ಬಿಟ್ಟಿರಿ ಅಂತ ನಾನು ಹೇಳುತ್ತಿಲ್ಲ. ಆದರೆ ಟೇಬಲ್ಲಿನ ಆ ಕಡೆ ಕೂತವರಿಗೆ ಎರಡೂ ಕಂಡಿರುತ್ತದೆ. ಬಿದ್ದವರನ್ನು ಬಿಟ್ಟು ಮುಂದೆ ಹೋಗುವ ಟ್ರೋಲ್ ಅಂತ ಅವರು ಒಂದು ಸಲ ನೋಡಿದರು. ಅದನ್ನೇ ನಂಬಿ ಭೈರ ಒಬ್ಬನೇ ತಡೆದು ನಿಂತಿರಬಹುದು. ಆಮೇಲೆ ಟ್ರೋಲ್ ಬೇರೆಯದೇ ಆಯಿತು.

ಇನ್ನು ಆ ‘ಬೇರೆ ಮಾತು’. ನಿಮ್ಮ ಗೆಳೆಯ ತೋರಿಸಿದ ತಪ್ಪು ನಿಜವಾಗಿಯೂ ತಪ್ಪೇ. ಎದುರಾಳಿ ಕೈಗೆಟುಕುವ ದೂರದಿಂದ ಹೊರಗೆ ಹೋಗುವಾಗ ರಿಯಾಕ್ಷನ್ನಿನಲ್ಲಿ, ಅಂದರೆ ಬೇರೆಯವರ ಸರದಿಯ ನಡುವೆ, ಸಿಗುವುದು ಒಂದೇ ಒಂದು ಏಟು. ಮೂರು ಏಟು ಸಿಗುವುದು ಮಲ್ಟಿಅಟ್ಯಾಕ್‌ನಲ್ಲಿ, ಅದು ತನ್ನ ಸರದಿಯಲ್ಲಿ ಮಾಡುವ ಕೆಲಸ. ಅವರು ಸರಿ ಇದ್ದರು, ನೀವು ತಪ್ಪಿದ್ದಿರಿ, ಅದೂ ಎಲ್ಲರ ಮುಂದೆ, ನಿಮ್ಮ ಮನೆಯಲ್ಲೇ. ಮುಖಕ್ಕೆ ಬಿಸಿ ಏರಿರುತ್ತದೆ. ವಾರವಿಡೀ ಕೂತು ಕಥೆ ಕಟ್ಟಿ, ಮ್ಯಾಪ್ ಬರೆದು, ಎಲ್ಲರಿಗೂ ಬೋಂಡಾ ತರಿಸಿಟ್ಟವರಿಗೆ ಅದು ಚುಚ್ಚದೆ ಇರುತ್ತದಾ? ಖಂಡಿತ ಚುಚ್ಚುತ್ತದೆ. ಆಮೇಲೆ ಎಷ್ಟು ಹೊತ್ತಿಗೆ ಭೈರ ಬಿದ್ದ? ಅರ್ಧ ಗಂಟೆಯಾ? ಎರಡನೇ ಪಂಜಕ್ಕೆ ದಾಳ ಕೈಗೆ ತೆಗೆದುಕೊಂಡಾಗ ಎದೆಯಲ್ಲಿ ಏನಿತ್ತು ಅಂತ ನಿಮಗೆ ಮಾತ್ರ ಗೊತ್ತು. ನನಗೆ ಬರೆದು ತಿಳಿಸಬೇಕಿಲ್ಲ. ಆದರೆ ಒಂದು ಕಿಡಿಯಾದರೂ ಇದ್ದಿದ್ದರೆ ಅದನ್ನು ಗೆಳೆಯನಿಗೆ ಹೇಳಿ. ಹೈಸ್ಕೂಲಿನಿಂದ ಬಂದ ಸ್ನೇಹ ಈ ಮಾತನ್ನು ತಡೆದುಕೊಳ್ಳುತ್ತದೆ. ಮುಚ್ಚಿಟ್ಟರೆ ಒಳಗೊಳಗೇ ಕೊಳೆಯುತ್ತದೆ.

ವಾಟ್ಸಾಪ್ ಬೇಡ. ಸಂಜೆ ರೈಲಿಳಿದು ಸುಸ್ತಾಗಿ ಬರುವಾಗ ಸ್ಟೇಷನ್ನಿನಲ್ಲಿ ಹಿಡಿಯುವುದೂ ಬೇಡ. ಭಾನುವಾರ ಬೆಳಗ್ಗೆ ಅವರ ಮನೆಗೇ ಹೋಗಿ. ಅವರಿಗೆ ಇರುವುದು ಅದೊಂದೇ ಬಿಡುವಿನ ದಿನ. ಒಂದು ವರ್ಷ ಆ ದಿನವನ್ನು ನಿಮ್ಮ ಮಹಡಿಗೆ ಕೊಟ್ಟಿದ್ದಾರೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಅವರ ಮನೆಯವರ ಮುಂದೆ ಮಾತಾಡಲು ಕಷ್ಟ ಅನ್ನಿಸಿದರೆ ಗಾಡಿ ಹತ್ತಿಸಿಕೊಂಡು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಿ. ಬಿಸಿ ಇಡ್ಲಿ ಮೇಲೆ ಬೆಣ್ಣೆ ಕರಗುವ ಹೊತ್ತಿಗೆ ಅರ್ಧ ಬಿಗುಮಾನವೂ ಇಳಿದಿರುತ್ತದೆ. ರೂಲ್ ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿ. ‘ಟ್ರೋಲ್ ಯಾರಿಗೆ ಹೊಡೆಯಬೇಕು ಅಂತ ಆರಿಸಿದ್ದು ನಾನು ಕಣೋ. ನೀನು ಕೇಳಿದಾಗ ಪುಸ್ತಕದ ಹಿಂದೆ ಅವಿತುಕೊಂಡೆ. ತಪ್ಪಾಯ್ತು’ ಅನ್ನಿ. ಅದರ ಹಿಂದೆ ‘ಆದ್ರೆ ನೀನೂ’ ಅಂತ ಸೇರಿಸಬೇಡಿ. ಅವರು ಬೈದರೆ ಬೈಸಿಕೊಳ್ಳಿ.

ಭೈರನನ್ನು ಬದುಕಿಸುವ ಮಾತು ನೀವಾಗಿ ಎತ್ತಬೇಡಿ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕೇಳದೆ ಬದುಕಿಸಿಕೊಟ್ಟರೆ ಅದು ಮತ್ತೊಂದು ಸಲ ಅವರ ಪಾತ್ರದ ಮೇಲೆ ನೀವೇ ನಿರ್ಧಾರ ಮಾಡಿದ ಹಾಗೆ. ‘ಭೈರನಿಗೆ ಏನಾಗಬೇಕು ಅಂತೀಯ?’ ಅಂತ ಕೇಳಿ. ಆ ಎರಡು ಏಟು ಬೀಳಲೇ ಇಲ್ಲ ಅಂತ ಮಾಡೋಣ ಅಂದರೆ ಉಳಿದ ಮೂವರನ್ನೂ ಕೂರಿಸಿ ಕೇಳಿ, ಎಲ್ಲರೂ ಒಪ್ಪಿದರೆ ಅಲ್ಲಿಂದಲೇ ಆಟ ಮುಂದುವರಿಸಿ. ಸತ್ತಿದ್ದು ಸತ್ತಿದ್ದೇ ಇರಲಿ, ಆದರೆ ವಾಪಸ್ ತರುವ ದಾರಿ ಇದ್ದರೆ ಹುಡುಕೋಣ ಅಂದರೆ ರೂಲ್‌ನಲ್ಲೇ ದಾರಿ ಇದೆ. ರೇಸ್ ಡೆಡ್ ಅನ್ನುವ ಮಂತ್ರ ಸತ್ತು ಹತ್ತು ದಿನದೊಳಗೆ ನಡೆಯುತ್ತದೆ, 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಹೆಣ ಹೊತ್ತುಕೊಂಡು ದೊಡ್ಡ ಪೂಜಾರಿಯನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಎದ್ದಾಗ ಒಂದೇ ಹಿಟ್ ಪಾಯಿಂಟ್, ಮೊದಮೊದಲು ಇಪ್ಪತ್ತು ಮುಖದ ದಾಳ ಉರುಳಿಸಿದಾಗಲೆಲ್ಲ ನಾಲ್ಕು ಕಡಿತ, ರಾತ್ರಿ ನಿದ್ದೆ ಮಾಡಿದ ಹಾಗೆ ಒಂದೊಂದೇ ಕಮ್ಮಿ. ಹೇಗೂ ನಿಮ್ಮ ಆಟ ಆ ಸೇತುವೆ ಕೆಳಗೇ ನಿಂತಿದೆ. ಅಲ್ಲಿ ಇನ್ನೂ ಒಂದು ದಿನವೂ ಕಳೆದಿಲ್ಲ. ಇಲ್ಲ, ಭೈರ ಹೋಗಲಿ, ನಾನು ಹೊಸ ಪಾತ್ರ ತರುತ್ತೇನೆ ಅಂದರೆ ಅದಕ್ಕೂ ಒಪ್ಪಿ. ಆಗ ಒಂದು ಭಾನುವಾರ ಪೂರ್ತಿ ಭೈರನನ್ನು ಮಣ್ಣು ಮಾಡುವುದಕ್ಕೆ ಕೊಡಿ. ಅವನು ಉಳಿಸಿದವರು ಒಬ್ಬೊಬ್ಬರಾಗಿ ಮಾತಾಡಲಿ.

ಮುಂದಿನ ಆಟಕ್ಕೆ ಇನ್ನೊಂದು ಮಾತು. ನಮ್ಮಜ್ಜಿ ಮನೆಯಲ್ಲಿ ಚೌಕಾಬಾರಕ್ಕೆ ಕೂತರೆ ಕವಡೆ ಕೈಗೆ ಬರುವ ಮುಂಚೆ ಅಜ್ಜಿ ಕೇಳುತ್ತಿದ್ದರು: ‘ಒಂದು ಕಾಯಾದ್ರೂ ಹೊಡೀದೆ ಒಳಗೆ ಹೋಗ್ಬೋದಾ, ಇಲ್ವಾ? ಈಗ್ಲೇ ಹೇಳ್ರೋ.’ ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ಎರಡೂ ಸರಿಯೇ. ಕಾಯಿ ಹಣ್ಣಾಗುವ ಹೊತ್ತಿಗೆ ಬಂದು ‘ನಮ್ಮನೇಲಿ ಹಂಗಿಲ್ಲ’ ಅಂದರೆ ಮಾತ್ರ ಜಗಳ. ನೀವೂ ದಾಳ ಹಾಕುವ ಮುಂಚೆ ಎಲ್ಲರನ್ನೂ ಕೇಳಿ: ಬಿದ್ದವರನ್ನು ನಮ್ಮ ಆಟದಲ್ಲಿ ರಾಕ್ಷಸರು ಹೊಡೆಯುತ್ತಾರಾ? ಹೊಡೆಯುತ್ತಾರೆ ಅಂತ ಆದರೆ ಒಂದು ಸರದಿ ಮುಂಚೆ ಸುಳಿವು ಕೊಡುವ ಅಭ್ಯಾಸ ಇಟ್ಟುಕೊಳ್ಳಿ. ‘ಟ್ರೋಲ್ ಬಗ್ಗಿ ಭೈರನ ಕಾಲು ಹಿಡಿದು ನೀರಿನ ಕಡೆ ಎಳೆಯುತ್ತಿದೆ. ಏನ್ ಮಾಡ್ತೀರಿ?’ ಅಂತ ಕೇಳಿ ನೋಡಿ, ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ರಾಕ್ಷಸನ ಭಯ ಒಂದು ಚೂರೂ ಕಮ್ಮಿಯಾಗುವುದಿಲ್ಲ. ತಂಗಿಗೂ ಇದೇ ಪದ್ಧತಿ ಇರಲಿ.

ಭಾನುವಾರ ಹೋಗುವಾಗ ಭೈರನ ಶೀಟ್ ಮರೆಯದೆ ತೆಗೆದುಕೊಂಡು ಹೋಗಿ. ಅದು ಅವರದ್ದು. ಹಿಟ್ ಪಾಯಿಂಟಿನ ಜಾಗದಲ್ಲಿ ಏನು ಬರೆಯಬೇಕು ಅಂತ ಅವರೇ ಹೇಳಲಿ. ಜೇಬಿನಲ್ಲಿ ಪೆನ್ಸಿಲ್ ಇರಲಿ.