ದರ ಬಿತ್ತು, ಧೈರ್ಯವೂ ಬಿತ್ತು

ಪ್ರಶ್ನೆ: ಖಾರದ ಪುಡಿ ಮಾಡಿ ಮಾರುತ್ತೇನೆ. ಹೋದ ಸೀಸನ್‌ನಲ್ಲಿ ಸಾಲ ಮಾಡಿ ಬ್ಯಾಡಗಿಯಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿಟ್ಟೆ. ದರ ಬಿತ್ತು. ಈಗ ನಾಲ್ಕು ಚೀಲ ಕೊಳ್ಳೋಕೂ ಭಯ. ರಾತ್ರಿಯೆಲ್ಲ ಅದೇ ಯೋಚನೆ. ವ್ಯಾಪಾರಕ್ಕೆ ಬೇಕಾದ ಗಟ್ಟಿ ಗುಂಡಿಗೆ ನನಗಿಲ್ಲವೇ, ಮೇಡಂ?
– ಹೆಸರು ಬೇಡ, ಹಾವೇರಿ

ಉತ್ತರ: ಗುಂಡಿಗೆ ಮಾತು ಆಮೇಲೆ, ತಂಗಿ. ಅವತ್ತು ಏನು ನೋಡಿ ಕೊಂಡಿರಿ? ಆವಕ ಎಷ್ಟಿದೆ, ಹಳೇ ಮಾಲು ಎಷ್ಟು ಉಳಿದಿದೆ ಅಂತ ವಿಚಾರಿಸಿದ್ದಿರಾ? ಅಥವಾ ಪಕ್ಕದವರು ಕೊಂಡರು ಅಂತ ಕೊಂಡಿರಾ? ಎರಡರಲ್ಲೂ ದರ ಬೀಳಬಹುದು. ವಿಚಾರಿಸಿ ಕೊಂಡಿದ್ದರೆ ಕೈಕೊಟ್ಟದ್ದು ಮಾರುಕಟ್ಟೆ. ಇಲ್ಲದಿದ್ದರೆ ತಿದ್ದಬೇಕಾದದ್ದು ಒಂದು ರೂಢಿ, ಅಷ್ಟೇ. ಯಾವುದು ಎಂದು ಗೊತ್ತಾದರೆ ಮತ್ತೆ ಎದ್ದು ನಿಲ್ಲೋದು ಸುಲಭ ಅಲ್ವಾ?

ನಮ್ಮ ಯೋಚನೆಯನ್ನು ನಾವೇ ಗಮನಿಸುವುದಕ್ಕೆ ಮೆಟಾಕಾಗ್ನಿಶನ್ ಅಂತಾರೆ. ಮನಶ್ಶಾಸ್ತ್ರಜ್ಞ ಜಾನ್ ಫ್ಲೇವೆಲ್ 1970ರ ದಶಕದಲ್ಲೇ ಇದರ ಬಗ್ಗೆ ಬರೆದರು. 2009ರಲ್ಲಿ ಸಂಶೋಧಕರಾದ ಮೈಕೆಲ್ ಹೇನಿ ಮತ್ತು ಡೀನ್ ಶೆಫರ್ಡ್ ಉದ್ಯಮಿಗಳಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಗುರಿ ಸ್ಪಷ್ಟವಿದೆಯಾ, ಬೇರೆ ದಾರಿ ಯೋಚಿಸಿದ್ದೀರಾ, ಹಿಡಿದ ದಾರಿ ಸರಿಹೋಗುತ್ತಿದೆಯಾ ಅಂತ ನಡುನಡುವೆ ನೋಡಿಕೊಳ್ತೀರಾ – ಇಂಥವು.

ನಿಮ್ಮ ರಾತ್ರಿ ಯೋಚನೆ ಇದಲ್ಲ. 'ನನಗೇ ಯಾಕೆ ಹೀಗಾಯ್ತು' ಎಂಬುದು ಗಾಣದ ಎತ್ತಿನ ಹಾಗೆ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ.

ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ ನನ್ನ ಪರಿಚಯದವರೊಬ್ಬರು ಕಾಗದ ತರಿಸುವ ಮುಂಚೆ ಲೆಕ್ಕದ ವಹಿಯಲ್ಲೇ ಕಾರಣ ಬರೆಯುತ್ತಾರೆ. ಒಂದು ಹಾಳೆಯಲ್ಲಿ ಹೀಗಿತ್ತು: 'ಕ್ಯಾಲೆಂಡರ್ ಆರ್ಡರ್ ಬರೀ ಬಾಯಿಮಾತು. ಅಡ್ವಾನ್ಸ್ ಬಂದಿಲ್ಲ. ಆದರೂ ತರಿಸಬೇಕು ಅನಿಸ್ತಿದೆ. ಹೋದ ವರ್ಷ ಕಾಗದ ಸಿಗದೆ ಒದ್ದಾಡಿದ್ದೆ, ಅದಕ್ಕೇ ಇರಬೇಕು.' ಕೆಳಗೆ ಕೆಂಪು ಪೆನ್ನಲ್ಲಿ 'ಅರ್ಧ ಸಾಕು.' ತಮ್ಮ ಭಯವನ್ನೂ ಬರೆದಿಟ್ಟು ಆಮೇಲೆ ಆರ್ಡರ್ ಕೊಟ್ಟಿದ್ದರು. ನನಗೆ ಇದು ತುಂಬಾ ಹಿಡಿಸಿತು.

ನೀವೂ ಕೊಳ್ಳುವ ಮುಂಚೆಯೇ ಬರೆಯಿರಿ. ಆಮೇಲೆ ಬರೆದರೆ ನಂಬೋಕಾಗಲ್ಲ. ಫಲ ತಿಳಿದ ಮೇಲೆ ಮನಸ್ಸು 'ಇದು ಮೊದಲೇ ಗೊತ್ತಿತ್ತು' ಅನ್ನುತ್ತದೆ. ಮನಶ್ಶಾಸ್ತ್ರಜ್ಞ ಬಾರೂಕ್ ಫಿಶಾಫ್ ಇದನ್ನು 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. 'ಮೂರ್ಖಳ ಹಾಗೆ ಕೊಂಡೆ' ಅಂತ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿರುವುದು ಇದರಿಂದಲೂ ಇರಬಹುದು.

ಬರೆದರೆ ಸಾಲವೇನೂ ತೀರುವುದಿಲ್ಲ. ಕಂತು ತಪ್ಪುವ ಮುಂಚೆಯೇ ಸಾಲ ಕೊಟ್ಟವರ ಹತ್ತಿರ ಮಾತಾಡಿ. ಸದ್ಯಕ್ಕೆ ಕೈಯಲ್ಲಿರುವ ಆರ್ಡರಿಗೆ ಬೇಕಾದಷ್ಟೇ ಕಾಯಿ ಕೊಳ್ಳಿ. ನಿದ್ದೆ ಇಲ್ಲದ್ದು ಹೀಗೇ ಮುಂದುವರಿದರೆ ಸುಮ್ನೆ ಸಹಿಸಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ದೂರವೇನಲ್ಲ.